ಮಗುವಿನ ಪ್ರಶ್ನೆಗೆ ನಾವು ಕೊಡುವ ಸುಳ್ಳು ಉತ್ತರ

ಬಸ್ ನಿಲ್ದಾಣದ ಮೂಲೆಯಲ್ಲಿ ಗೋಣಿ ಹೊದ್ದು ಮಲಗಿದವನನ್ನು ಕಂಡು, "ಇವರಿಗೆ ಮನೆ ಇಲ್ಲವೇ ಅಬ್ಬಾ?" ಎಂದು ಮಗು ಕೇಳುತ್ತದೆ. ನಾವು ಅದರ ಕೈ ಎಳೆದುಕೊಂಡು ಮುಂದೆ ಸಾಗುತ್ತೇವೆ. ಮಗು ಬಿಡದಿದ್ದರೆ ಸಿದ್ಧ ಉತ್ತರವೊಂದಿದೆ: "ಸರಿಯಾಗಿ ಓದದಿದ್ದರೆ ನಿನಗೂ ಇದೇ ಗತಿ." ಒಂದೇ ಮಾತಿನಲ್ಲಿ ಮನೆಯಿಲ್ಲದವನನ್ನು ಸೋಮಾರಿಯೆಂದು ತೀರ್ಮಾನಿಸಿದ್ದೂ ಆಯಿತು, ಮಗುವನ್ನು ಪರೀಕ್ಷೆಗೆ ಹೆದರಿಸಿದ್ದೂ ಆಯಿತು. ಇನ್ನೂ ಚಿಕ್ಕ ಮಗುವಾದರೆ, ಊಟ ಮಾಡದಿದ್ದರೆ ಆತ ಚೀಲದಲ್ಲಿ ತುಂಬಿಕೊಂಡು ಹೋಗುತ್ತಾನೆ ಎನ್ನುತ್ತೇವೆ. ನಿರ್ಗತಿಕನೊಬ್ಬನನ್ನು ಗುಮ್ಮನನ್ನಾಗಿ ಮಾಡಿದ ಮೇಲೆ, ಮಗುವಿನಲ್ಲಿ ಕರುಣೆ ಬೆಳೆಯಲಿಲ್ಲವೆಂದು ಕೊರಗುವವರೂ ನಾವೇ.

2011ರ ಫೆಬ್ರವರಿ 28ರ ರಾತ್ರಿ ಜನಗಣತಿ ಸಿಬ್ಬಂದಿ ರಸ್ತೆ ಬದಿ, ಮೇಲ್ಸೇತುವೆಯ ಅಡಿ, ರೈಲ್ವೆ ಪ್ಲಾಟ್‌ಫಾರ್ಮ್‌ಗಳಲ್ಲಿ ಮಲಗಿದವರನ್ನು ಎಣಿಸಿದರು. ವಸತಿಹೀನರೆಂದು ಆ ಗಣತಿಯಲ್ಲಿ ದಾಖಲಾದವರು 17.7 ಲಕ್ಷ. ಇವರೆಲ್ಲರೂ ಶಾಲೆಯಲ್ಲಿ ಪಾಠ ಕಲಿಯದ ತಪ್ಪಿಗೆ ಬೀದಿಗೆ ಬಿದ್ದವರೇ? ರಾಯಚೂರು, ಯಾದಗಿರಿಗಳಿಂದ ಗುಳೆ ಬಂದು ಇತರರ ಮನೆಗಳ ಗೋಡೆ ಎಬ್ಬಿಸುವ ಕಾರ್ಮಿಕನಿಗಿಂತ ಹೆಚ್ಚು ಬೆವರು ಸುರಿಸುವವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ? ಗಂಡ ಹೊರದಬ್ಬಿದ ಹೆಣ್ಣು, ಮಕ್ಕಳು ಕೈಬಿಟ್ಟ ವೃದ್ಧ, ಚಿಕಿತ್ಸೆ ಸಿಗದ ಮನೋರೋಗಿಯೂ ಅಲ್ಲಿದ್ದಾರೆ. ನಿನ್ನೆಯವರೆಗೂ ಮನೆಯಿದ್ದು ಬುಲ್ಡೋಜರ್ ಬಂದುದರಿಂದ ಬೀದಿಗೆ ಬಿದ್ದವರೂ ಇದ್ದಾರೆ. 15 ದಿನಗಳ ನೋಟಿಸ್ ಇಲ್ಲದೆ ಮನೆ ಕೆಡವುವಂತಿಲ್ಲ ಎಂದು 2024ರ ನವೆಂಬರ್ 13ರಂದು ಸುಪ್ರೀಮ್ ಕೋರ್ಟು ಹೇಳಬೇಕಾಗಿ ಬಂದುದು ಸುಮ್ಮನೆಯಲ್ಲ.

ಮದ್ರಸದಲ್ಲಿ ನಮ್ಮ ಮಕ್ಕಳು ಅಸ್ಹಾಬುಸ್ಸುಫ್ಫಾದ ಕುರಿತು ಕಲಿಯುತ್ತಾರೆ. ಮನೆಯಿಲ್ಲದೆ ಪ್ರವಾದಿಯವರ(ಸ) ಮಸೀದಿಯ ಚಾವಣಿಯಡಿ ವಾಸವಿದ್ದ ಸಹಾಬಿಗಳವರು. ಅಬೂ ಹುರೈರಾ(ರ) ಅವರಲ್ಲೊಬ್ಬರು. ಅವರು ಸೋಮಾರಿಗಳಾಗಿದ್ದರೆಂದು ಯಾವ ಉಸ್ತಾದರೂ ಹೇಳಿಕೊಡುವುದಿಲ್ಲ. ಆದರೆ ಜುಮಾ ಮುಗಿಸಿ ಹೊರಬಂದಾಗ ನಾವು ಮಗುವಿನ ಕೈಗೊಂದು ನಾಣ್ಯ ಕೊಟ್ಟು, "ಹಾಕಿ ಬೇಗ ಬಾ" ಎನ್ನುತ್ತೇವೆ. ತಟ್ಟೆಯ ಆಚೆಗಿರುವ ಮುಖವನ್ನು ಮಗು ನೋಡುವುದೇ ಇಲ್ಲ. ಸಲಾಮ್ ಹೇಳಲು, ಹೆಸರು ಕೇಳಲು ಕಲಿಸಿದರೆ ನಮಗಾಗುವ ನಷ್ಟವೇನು?

ಮಗುವಿಗೆ ಸತ್ಯವನ್ನೇ ಹೇಳೋಣ, ಅದರ ವಯಸ್ಸಿಗೆ ತಕ್ಕಷ್ಟು. ಐದು ವರ್ಷದ ಮಗುವಿಗೆ "ಹೌದು, ಅವರಿಗೆ ಮನೆಯಿಲ್ಲ, ಅದು ಅವರ ತಪ್ಪಲ್ಲ" ಎಂದರೆ ಸಾಕು. ಹೈಸ್ಕೂಲಿನ ಮಗುವಿಗೆ ಮನೆ ಕಂದಾಯದ ರಶೀದಿಯನ್ನು ತೋರಿಸಬಹುದು. ಅದರಲ್ಲಿ ಭಿಕ್ಷುಕರ ಕರವೆಂದು ಶೇ. 3ರಷ್ಟನ್ನು ನಮ್ಮಿಂದ ವಸೂಲು ಮಾಡಲಾಗುತ್ತದೆ. ದೊಡ್ಡ ನಗರಗಳಲ್ಲಿ ಲಕ್ಷ ಜನರಿಗೆ ಒಂದರಂತೆ, ವರ್ಷವಿಡೀ ತೆರೆದಿರುವ ಆಶ್ರಯತಾಣ ಇರಬೇಕೆಂದು ಸುಪ್ರೀಮ್ ಕೋರ್ಟು 2010ರಲ್ಲೇ ಆದೇಶಿಸಿದೆ. ಹಾಗಾದರೆ ನಮ್ಮ ಊರಿನ ಆಶ್ರಯತಾಣ ಎಲ್ಲಿದೆ ಎಂದು ಮಗು ಕೇಳೀತು. ನಮ್ಮಲ್ಲಿ ಹೆಚ್ಚಿನವರಿಗೆ ಅದು ತಿಳಿದಿಲ್ಲ. ವಿಚಾರಿಸಲು ನಗರಸಭೆಗೆ ಹೋಗುವಾಗ ಮಗುವನ್ನೂ ಕರೆದೊಯ್ಯೋಣ.