ಟಿಕೆಟ್ಟಿನ ಹಿಂದೆ ಬರೆದ ಬಾಕಿ

ಮೊನ್ನೆ ಮೊಮ್ಮಗಳು ಕೇಳಿದಳು: "ತಾತ, ಅಪ್ಪನಿಗೆ ಬರೋದು ಒಂದೇ ಸಂಬಳ. ಇಂಡಿಯಾಕ್ಕೂ ತೆರಿಗೆ, ಅಮೆರಿಕಕ್ಕೂ ತೆರಿಗೆ ಅಂದ್ರೆ ಅನ್ಯಾಯ ಅಲ್ವಾ?"

ನನ್ನ ಅಳಿಯ ಅಮೆರಿಕದ ಪೌರ, ಕೆಲಸ ಬೆಂಗಳೂರಿನಲ್ಲಿ. ಇಲ್ಲಿ ದುಡಿದದ್ದಕ್ಕೆ ನಮ್ಮ ಸರ್ಕಾರ ತೆರಿಗೆ ಕೇಳುತ್ತದೆ. ಅಮೆರಿಕವಾದರೋ ತನ್ನ ಪೌರರು ಯಾವ ದೇಶದಲ್ಲಿದ್ದರೂ ಬಿಡುವುದಿಲ್ಲ. ಆದರೆ ಒಂದೇ ದುಡ್ಡಿಗೆ ಎರಡು ಸಲ ಹೊಡೆತ ಬೀಳದಂತೆ ಒಂದು ಏರ್ಪಾಡಿದೆ. ಎರಡು ದೇಶಗಳೂ 1989ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿವೆ. ಇಲ್ಲಿ ಕಟ್ಟಿದ ಆದಾಯ ತೆರಿಗೆಯನ್ನು ಅಲ್ಲಿನ ತೆರಿಗೆಯಲ್ಲಿ ಮುರಿದುಕೊಳ್ಳಬಹುದು. ಇದೇ ವಿದೇಶಿ ತೆರಿಗೆ ಕ್ರೆಡಿಟ್. ಅಲ್ಲಿ ಫಾರಂ 1116 ತುಂಬಿ ಇದನ್ನು ಕೇಳಬೇಕು.

ಸ್ಲೇಟು ತೆಗೆದುಕೊಳ್ಳಿ ಮಕ್ಕಳೇ. ಒಂದು ಸಂಬಳಕ್ಕೆ ಇಲ್ಲಿ 3 ಲಕ್ಷ ತೆರಿಗೆ ಕಟ್ಟಿದ್ದಾಯಿತು. ಅದೇ ಸಂಬಳಕ್ಕೆ ಅಮೆರಿಕದ ಲೆಕ್ಕ 2 ಲಕ್ಷ ಎಂದುಕೊಳ್ಳೋಣ. ಅಲ್ಲಿ ಕಟ್ಟಬೇಕಾದ್ದು ಸೊನ್ನೆ. ಮಿಕ್ಕ 1 ಲಕ್ಷ?

"ವಾಪಸ್ ಕೊಡ್ತಾರಾ?" ಅಂದಳು.

ಇಲ್ಲ. ನಮ್ಮ ಬಸ್ಸಿನ ಕಂಡಕ್ಟರ್ ಚಿಲ್ಲರೆ ಇಲ್ಲದಾಗ ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುತ್ತಾನಲ್ಲ, ಹಾಗೆ. ಆ 1 ಲಕ್ಷವನ್ನು ಮೊದಲು ಹಿಂದಿನ ಒಂದು ವರ್ಷದ ಲೆಕ್ಕಕ್ಕೆ ಹಚ್ಚಿ ನೋಡಬೇಕು. ಉಳಿದರೆ ಮುಂದಿನ 10 ವರ್ಷದವರೆಗೆ ಸಾಗಿಸಬಹುದು. ಅದೂ ಅದೇ ಬಗೆಯ ವಿದೇಶಿ ಆದಾಯದ ತೆರಿಗೆಗೆ ಮಾತ್ರ. 10 ವರ್ಷ ದಾಟಿತೋ, ಬಾಕಿ ಕೇಳದೆ ಬಸ್ಸಿಳಿದವರ ಕಥೆಯೇ.

ಭಾರತದಲ್ಲಿ ನೆಲೆಸಿ ಅಮೆರಿಕದಿಂದ ಆದಾಯ ಪಡೆಯುವವರಿಗೂ ಇಲ್ಲಿ ಕ್ರೆಡಿಟ್ ಉಂಟು. ಆ ಆದಾಯದ ಮೇಲೆ ಎರಡು ದೇಶಗಳ ತೆರಿಗೆಯಲ್ಲಿ ಯಾವುದು ಕಡಿಮೆಯೋ ಅಷ್ಟು. ಆದರೆ ನಮ್ಮ ಕಂಡಕ್ಟರ್ ಟಿಕೆಟ್ಟಿನ ಹಿಂದೆ ಏನೂ ಬರೆಯುವುದಿಲ್ಲ. ಹೆಚ್ಚಾದದ್ದು ಅಲ್ಲಿಗೇ ಹೋಯಿತು. ಈ ವಿಷಯದಲ್ಲಿ ನಮ್ಮವರೇ ಬಿಗಿ ಅನ್ನಬೇಕು.

ಇನ್ನು ಅಜ್ಜ ಅಜ್ಜಿಯರಿಗೆ ಒಂದು ಮಾತು. ನಾನು ಕೌಂಟರಿನಲ್ಲಿ ಕೂರುತ್ತಿದ್ದ ಕಾಲ. ಮಗ ಅಮೆರಿಕದಲ್ಲಿದ್ದ ಒಬ್ಬ ತಾಯಿಗೆ, "ಎನ್‌ಆರ್‌ಇ ಠೇವಣಿಯ ಬಡ್ಡಿಗೆ ತೆರಿಗೆ ಇಲ್ಲಮ್ಮ, ನಿಶ್ಚಿಂತೆಯಾಗಿರಿ" ಎಂದಿದ್ದೆ. 'ಇಲ್ಲಿ' ಎಂಬ ಒಂದು ಪದ ಸೇರಿಸಲಿಲ್ಲ. ಅಲ್ಲಿ ವಾಸವಿದ್ದು ತೆರಿಗೆ ಕಟ್ಟುವವರು ಆ ಬಡ್ಡಿಯನ್ನೂ ತೋರಿಸಲೇಬೇಕು. ಇಲ್ಲಿ ತೆರಿಗೆಯನ್ನೇ ಕಟ್ಟಿಲ್ಲವಾದ್ದರಿಂದ ಮುರಿದುಕೊಳ್ಳಲು ಕ್ರೆಡಿಟ್ಟೂ ಇರುವುದಿಲ್ಲ. ಕೆಲವು ವರ್ಷಗಳ ಮೇಲೆ ಆ ಹುಡುಗ ತೆರಿಗೆ, ಅದರ ಮೇಲೆ ಬಡ್ಡಿ, ದಂಡ ಎಲ್ಲ ಒಟ್ಟಿಗೆ ಕಟ್ಟಿದನಂತೆ. ಆ ತಾಯಿ ಜಗಳವಾಡಲಿಲ್ಲ. ಪಾಸ್‌ಬುಕ್ ಮುಂದಿಟ್ಟು, "ನೀವೇ ಹೇಳಿದ್ರಲ್ಲ ಸ್ವಾಮಿ" ಎಂದರು, ಅಷ್ಟೆ.

ಇದನ್ನು ಮೊಮ್ಮಗಳಿಗೂ ಹೇಳಿದೆ. ಅವಳು ಸ್ಲೇಟಿನ ಮೂಲೆಯಲ್ಲಿ 'ಇಲ್ಲಿ' ಎಂದು ಬರೆದು, ಸುತ್ತ ಒಂದು ಚೌಕ ಹಾಕಿದಳು.