ಬೆಲೆ ಏರುತ್ತದೋ, ಏರೀತೋ?

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮ ಆಪಾ ಕಂಪನಿಗಾಗಿ ಸ್ಪ್ಯಾನಿಷ್ ಕಲಿಯುತ್ತಿದ್ದಾರೆ. ಮೊನ್ನೆ ರಜೆಗೆ ಬಂದಾಗ, ಆ ಭಾಷೆಯ ಭವಿಷ್ಯತ್ ಕಾಲ ಬಹಳ ಸುಲಭ ಎಂದರು. ‘ಅಬ್ಲರ್’ ಎಂದರೆ ಮಾತನಾಡುವುದು. ಅದನ್ನು ಹಾಗೆಯೇ ಇಟ್ಟು ಕೊನೆಗೆ ‘ಏ’ ಸೇರಿಸಿದರೆ ‘ಅಬ್ಲರೇ’, ಅಂದರೆ ಮಾತನಾಡುವೆನು. ‘ಆಸ್’ ಸೇರಿಸಿದರೆ ಮಾತನಾಡುವೆ. ‘ಆ’ ಸೇರಿಸಿದರೆ ಮಾತನಾಡುವನು, ಮಾತನಾಡುವಳು ಎರಡೂ. ನಿಯಮಿತ ಕ್ರಿಯಾಪದ ಯಾವುದೇ ಇರಲಿ, ಇಂಥ ಆರೇ ಪ್ರತ್ಯಯ.

ನಮ್ಮ ವ್ಯಾಕರಣ ಪುಸ್ತಕದಲ್ಲೂ ಹೀಗೇ ಇದೆ: ಹೋಗು + ವ + ಎನು = ಹೋಗುವೆನು. ಆದರೆ ತಿಪಟೂರಿನ ಬಸ್‌ನಲ್ಲಿ ‘ನಾನು ತುರುವೇಕೆರೆಗೆ ಹೋಗುವೆನು’ ಎಂದರೆ ಕಂಡಕ್ಟರ್ ನಕ್ಕಾರು! ನಾವೆಲ್ಲ ಹೇಳುವುದು ‘ನಾಳೆ ಹೋಗ್ತೀನಿ’ ಎಂದೇ. ಹೈಸ್ಕೂಲಿನಲ್ಲಿ ‘ನಾಳೆ ಅಬ್ಬಾ ಕೊಬ್ಬರಿ ಮಾರುತ್ತಾರೆ’ ಎಂದು ಬರೆದು ಒಂದು ಅಂಕ ಕಳೆದುಕೊಂಡೆ. ಅದು ವರ್ತಮಾನ ಕಾಲವಂತೆ. ನಾಳೆ ಎಂಬ ಮಾತು ಇದ್ದರೂ!

ಮೇಲೆ ‘ನಕ್ಕಾರು’ ಎಂದೆನಲ್ಲ, ಅದು ಇನ್ನೊಂದು ರೂಪ. ಪುಸ್ತಕ ಅದನ್ನು ‘ಸಂಭಾವನಾರ್ಥಕ’ ಎಂದು ಬೇರೆ ಪಾಠದಲ್ಲಿ ಇಡುತ್ತದೆ: ಬಂದಾನು, ಬಂದಾಳು, ಬಂದೀತು. ನಮಗೆ ಅದರ ಬೆಲೆ ತಿಳಿದದ್ದು ಕೊಬ್ಬರಿಯಿಂದ. ನಾನು ಎಂಟನೇ ತರಗತಿಯಲ್ಲಿದ್ದಾಗ ಪರಿಚಯದವರೊಬ್ಬರು ‘ರೇಟು ಏರುತ್ತೆ, ಇಟ್ಕೊಳ್ಳಿ’ ಎಂದರು. ಇಟ್ಟುಕೊಂಡೆವು. ರೇಟು ಇಳಿಯಿತು. ‘ಏರೀತು ಅಂದಿದ್ದರೆ ಅರ್ಧವನ್ನಾದರೂ ಮಾರಿರುತ್ತಿದ್ದೆ’ ಎಂದು ಅಬ್ಬಾ ಈಗಲೂ ಹೇಳುತ್ತಾರೆ.

ನಾಳೆ ಯಾರ ಕೈಯಲ್ಲೂ ಇಲ್ಲ. ಅದಕ್ಕೇ ನಮ್ಮ ದಾದಿ ನಾಳೆಯ ಮಾತಿಗೆಲ್ಲ ‘ಇನ್ಶಾ ಅಲ್ಲಾಹ್’ ಸೇರಿಸುತ್ತಾರೆ. ಸ್ಪ್ಯಾನಿಷ್‌ನವರು ‘ಎಸ್ತರಾ ಎನ್ ಕಾಸಾ’ ಎನ್ನುತ್ತಾರೆ. ವ್ಯಾಕರಣದ ಪ್ರಕಾರ ‘ಮನೆಯಲ್ಲಿರುವನು’, ಆದರೆ ಎಷ್ಟೋ ಸಲ ಅದರ ಅರ್ಥ ‘ಈಗ ಮನೆಯಲ್ಲಿದ್ದಾನು’. ಅವರು ಭವಿಷ್ಯತ್ತಿನ ರೂಪದಲ್ಲೇ ಊಹೆಯನ್ನೂ ಹೇಳುತ್ತಾರೆ. ನಮ್ಮಲ್ಲಿ ಊಹೆಗೆಂದೇ ಪ್ರತ್ಯೇಕ ರೂಪ ಇದೆ, ನಾವು ಅದನ್ನು ಮರೆಯುತ್ತಿದ್ದೇವೆ.

ಆದ್ದರಿಂದ ನಮ್ಮ ಕನ್ನಡ ಉಪನ್ಯಾಸಕರಲ್ಲಿ ಒಂದು ವಿನಂತಿ. ಭವಿಷ್ಯತ್ ಕಾಲ ಹೇಳುವಾಗ ‘ಏರುವುದು, ಏರುತ್ತದೆ, ಏರೀತು’ ಮೂರನ್ನೂ ಒಟ್ಟಿಗೆ ಬೋರ್ಡಿನ ಮೇಲೆ ಬರೆಯಿರಿ. ಯಾವುದು ಬರಹಕ್ಕೆ, ಯಾವುದು ಮಾತಿಗೆ, ಯಾವುದು ಊಹೆಗೆ ಎಂದು ತಿಳಿಸಿ. ಗೆಳೆಯರೇ, ಪರೀಕ್ಷೆಯಲ್ಲಿ ‘ಏರುವುದು’ ಎಂದೇ ಬರೆಯೋಣ, ಅಂಕ ಬೇಕಲ್ಲ. ಆದರೆ ಇನ್ನೊಬ್ಬರು ನಮ್ಮ ಮಾತು ನಂಬಿ ಕೊಬ್ಬರಿ ಇಟ್ಟುಕೊಳ್ಳುವಂತಿದ್ದರೆ, ಖಚಿತವಾಗಿ ಗೊತ್ತಿಲ್ಲದಾಗ ‘ಏರೀತು’ ಎನ್ನೋಣ.