ಕೈ ಕುಲುಕಿಸಿದರೆ ಮುಗಿಯಿತೇ?

ಏಳನೇ ತರಗತಿಯ ಹುಡುಗನ ಊಟದ ಡಬ್ಬಿಗೆ ಯಾರೋ ನೀರು ಸುರಿದಿರುತ್ತಾರೆ. ಮರುದಿನ ಬ್ಯಾಗಿನ ಜಿಪ್ಪು ಕಿತ್ತಿರುತ್ತದೆ. ಅವನಿಗೊಂದು ಅಡ್ಡಹೆಸರು ಬಿದ್ದು, ಶಾಲೆಯ ಬಸ್ಸಿನಲ್ಲಿ ಚಿಕ್ಕ ಮಕ್ಕಳೂ ಅದನ್ನೇ ಕೂಗುತ್ತಾರೆ. ಕೊನೆಗೆ ಹೇಗೋ ವಿಷಯ ಸ್ಟಾಫ್ ರೂಮಿಗೆ ಮುಟ್ಟುತ್ತದೆ. ಮೇಷ್ಟ್ರು ಅವನನ್ನೂ ಕಾಡಿದವನನ್ನೂ ಕರೆಸಿ, ‘ಅಣ್ಣತಮ್ಮಂದಿರ ಥರ ಇರೋಕಾಗಲ್ವೇನ್ರೋ?’ ಎಂದು ಗದರಿ, ಕೈ ಕುಲುಕಿಸಿ ಕಳಿಸುತ್ತಾರೆ. ಮೆಟ್ಟಿಲು ಇಳಿಯುವಷ್ಟರಲ್ಲಿ ಹುಡುಗನ ಕಿವಿಗೆ ಬೀಳುತ್ತದೆ: ‘ಚಾಡಿ ಹೇಳ್ತೀಯಾ? ನಾಳೆ ಐತೆ ನಿಂಗೆ.’

ಇಂಥದ್ದು ನಡೆಯದ ಶಾಲೆ ಅಪರೂಪ. ಮೇಷ್ಟ್ರೇನೂ ಕೆಟ್ಟವರಲ್ಲ. ನಮಗೆಲ್ಲ ಅಂಟಿರುವ ಪಂಚಾಯಿತಿ ಕಟ್ಟೆಯ ಚಾಳಿ ಅವರಿಗೂ ಇದೆ, ಅಷ್ಟೆ. ಎರಡೂ ಕಡೆ ಕೇಳಿ, ಇಬ್ಬರಿಗೂ ಒಂದಿಷ್ಟು ಬೈದು ರಾಜಿ ಮಾಡಿಸುವುದು ಬದುವಿನ ತಕರಾರಿಗೆ ಸರಿ. ಆದರೆ ಪೀಡನೆ ಜಗಳವೇ ಅಲ್ಲ. ಮಕ್ಕಳ ನಡುವಿನ ಹಿಂಸೆಯನ್ನು 1970ರ ದಶಕದಿಂದ ಅಧ್ಯಯನ ಮಾಡಿದ ಮನೋವಿಜ್ಞಾನಿ ಡಾನ್ ಓಲ್ವೇಯಸ್ ಅದನ್ನು ಗುರುತಿಸಿದ್ದು ಹೀಗೆ: ಬೇಕೆಂದೇ ಮಾಡಿದ್ದು, ಮತ್ತೆ ಮತ್ತೆ ಮಾಡಿದ್ದು, ತಿರುಗಿ ನಿಲ್ಲಲಾಗದವರ ಮೇಲೆ ಮಾಡಿದ್ದು. ನಾರ್ವೆಯಲ್ಲಿ ಪೀಡನೆ ತಾಳಲಾರದೆ ಮೂವರು ಹುಡುಗರು ಜೀವ ಕಳೆದುಕೊಂಡ ಮೇಲೆ 1983ರಲ್ಲಿ ಅಲ್ಲಿನ ಸರ್ಕಾರ ದೇಶದ ಶಾಲೆಗಳಿಗೆಲ್ಲ ಈ ತಿಳಿವಳಿಕೆ ಒಯ್ಯಲು ಹೊರಟಿತು. ತಿರುಗಿ ನಿಲ್ಲಲಾಗದವನ ಕೈ ಹಿಡಿದು ಕುಲುಕಿಸಿದರೆ ರಾಜಿಯಾಗುವುದು ಯಾರಿಗೆ?

‘ತಮಾಷೆಗೆ ಮಾಡಿದ್ದು ಸಾರ್’ ಎನ್ನುವ ಸಮಜಾಯಿಷಿಯೂ ನಿಲ್ಲುವುದಿಲ್ಲ. 1983ರ ಕರ್ನಾಟಕ ಶಿಕ್ಷಣ ಕಾಯ್ದೆ ರ‍್ಯಾಗಿಂಗ್ ಏನೆಂದು ಹೇಳುವಾಗಲೇ, ತಮಾಷೆಯ ಹೆಸರಲ್ಲಿ ಮಾಡಿದರೂ ಅದು ರ‍್ಯಾಗಿಂಗೇ ಎಂದುಬಿಟ್ಟಿದೆ. ಕಾಯ್ದೆ ಬರೆದವರಿಗೆ ನಮ್ಮ ಹುಡುಗರ ಪರಿಚಯ ಚೆನ್ನಾಗಿಯೇ ಇದ್ದಿರಬೇಕು.

ಮಗು ಮನೆಯಲ್ಲಿ ನೇರವಾಗಿ ಹೇಳುವುದು ಕಡಿಮೆ. ಸೋಮವಾರ ಬೆಳಿಗ್ಗೆ ಹೊಟ್ಟೆನೋವು, ಬಸ್ಸು ಬೇಡ ಎಂಬ ಹಟ, ಪೆನ್ನು ‘ಕಳೆದುಹೋಯ್ತು’ ಎಂಬ ಸುಳ್ಳು. ಬಾಯಿಬಿಟ್ಟ ದಿನ ‘ನೀನೇನು ಮಾಡಿದ್ದೆ?’ ಎಂದು ಕೇಳಿದರೆ ಮತ್ತೆಂದೂ ಬಾಯಿ ಬಿಡಲಿಕ್ಕಿಲ್ಲ. ಪೂರ್ತಿ ಕೇಳಿಸಿಕೊಳ್ಳಿ. ದಿನ, ಜಾಗ, ಯಾರಿದ್ದರು ಎಂಬುದನ್ನು ಬರೆದಿಟ್ಟುಕೊಂಡು ಶಾಲೆಗೆ ಲಿಖಿತವಾಗಿಯೇ ದೂರು ಕೊಡಿ. ಇಬ್ಬರನ್ನೂ ಎದುರುಬದುರು ನಿಲ್ಲಿಸದೆ ಬೇರೆ ಬೇರೆಯಾಗಿ ವಿಚಾರಿಸಿ ಎಂದು ಪಟ್ಟು ಹಿಡಿಯಿರಿ. ಬಸ್ಸಿನ ಹಿಂದಿನ ಸೀಟು, ಶೌಚಾಲಯದ ಹಾದಿ ಇಂಥ ಕಡೆ ದೊಡ್ಡವರೊಬ್ಬರು ಇರುವುದು ನೂರು ಬುದ್ಧಿಮಾತಿಗಿಂತ ಮೇಲು. ಪೀಡಿಸುತ್ತಿರುವವರು ಶಿಕ್ಷಕರೇ ಆಗಿದ್ದರೆ, ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಶಾಲೆ ಕಿವಿಗೊಡದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಹಗಲು ರಾತ್ರಿ ಉಚಿತ, ಮಗುವೇ ಕರೆ ಮಾಡಬಹುದು. ಮನಸ್ಸು ಕುಸಿದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416.

ಲೈಂಗಿಕ ದೌರ್ಜನ್ಯವಾದರಂತೂ ರಾಜಿಗೆ ಎಡೆಯೇ ಇಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದೇ ಅಪರಾಧ. ಶಾಲೆಯ ಮರ್ಯಾದೆ, ಮನೆತನದ ಮರ್ಯಾದೆ ಯಾವುದೂ ಅಲ್ಲಿ ನೆಪವಾಗದು.

ರಾಜಿ ಮಾಡಿಸುವ ಇದೇ ಚಾಳಿ ಮನೆಯೊಳಗೂ ಇದೆ. ಗಂಡ ಹೊಡೆದನೆಂದು ತವರಿಗೆ ಬಂದವಳನ್ನು ನಾಲ್ಕು ಹಿರಿಯರು ಕೂತು ‘ಹೊಂದ್ಕೊಂಡು ಹೋಗಮ್ಮ’ ಎಂದು ಅದೇ ಬಸ್ಸಿಗೆ ಹತ್ತಿಸುತ್ತಾರೆ. ಹೊಡೆದವನಿಗೆ ಕಾಫಿ ಕೊಟ್ಟು ಕಳಿಸುವುದೂ ಉಂಟು! ಆಕೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಬೈಗುಳ, ಅವಮಾನ, ಖರ್ಚಿಗೆ ಕೊಡದೆ ಸತಾಯಿಸುವುದನ್ನೂ ಹಿಂಸೆಯೆಂದೇ ಪರಿಗಣಿಸುತ್ತದೆ. ಆಕೆಯ ಪರವಾಗಿ ನ್ಯಾಯಾಲಯಕ್ಕೆ ವರದಿ ಕೊಡಬೇಕಾದ ಸಂರಕ್ಷಣಾಧಿಕಾರಿ ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ. ಅಂಗನವಾಡಿಗಳನ್ನು ನೋಡಿಕೊಳ್ಳುವುದೂ ಅದೇ ಕಚೇರಿ. ಅದು ಎಲ್ಲಿದೆ ಎಂದು ಊರಿನ ಅಂಗನವಾಡಿ ಕಾರ್ಯಕರ್ತೆಗೆ ಗೊತ್ತಿರುತ್ತದೆ.